ಕೋಶಕೇಂದ್ರ ಹೊರತೆಗೆಯಲು ಸಕ್ಕರೆ ಬೇಕಾದದ್ದು ಹೇಗೆ

ಮಂಡ್ಯದ ಮೈಷುಗರ್ ಕಾರ್ಖಾನೆ ಶುರುವಾದದ್ದು 1933ರಲ್ಲಿ. ಕಬ್ಬಿನಿಂದ ಅಲ್ಲಿ ತೆಗೆಯುವ ಸಕ್ಕರೆ, ಅಂದರೆ ಸುಕ್ರೋಸೇ, ಅದರ ನಂತರದ ಎರಡು ಮೂರು ದಶಕಗಳಲ್ಲಿ, ಜೀವಕೋಶ ಒಡೆದು ಕೋಶಕೇಂದ್ರ (ಡಿಎನ್ಎ ಇರುವ ಒಳಭಾಗ, ನ್ಯೂಕ್ಲಿಯಸ್) ಬೇರ್ಪಡಿಸುವವರ ಮುಖ್ಯ ಸಾಮಗ್ರಿಯಾಯಿತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಜೀವವಿಜ್ಞಾನ ಓದುವವರಿಗೆ ಸುಕ್ರೋಸ್ ಬಫರ್ (ಆಮ್ಲೀಯತೆ ಏರುಪೇರಾಗದ ಸಕ್ಕರೆ ದ್ರಾವಣ) ಹೊಸದಲ್ಲ. ಆದರೆ ಸಕ್ಕರೆಯೇ ಯಾಕೆ ಎಂಬುದಕ್ಕೆ ದೊಡ್ಡ ಹಿನ್ನೆಲೆಯಿದೆ.

1869ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಫ್ರೀಡ್ರಿಕ್ ಮೀಷರ್ ಆಸ್ಪತ್ರೆಯ ಬ್ಯಾಂಡೇಜುಗಳಿಂದ ಕೀವು ತೊಳೆದು ತೆಗೆದರು. ಅದರಲ್ಲಿದ್ದ ಬಿಳಿ ರಕ್ತಕಣಗಳನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿಟ್ಟು, ಹಂದಿಯ ಹೊಟ್ಟೆಯಿಂದ ತೆಗೆದ ಪೆಪ್ಸಿನ್ ಎಂಬ ಜೀರ್ಣಕಿಣ್ವದಿಂದ ಪ್ರೋಟೀನು ಕರಗಿಸಿದರು. ಉಳಿದ ಕೋಶಕೇಂದ್ರಗಳಲ್ಲಿ ರಂಜಕ ಹೇರಳವಾಗಿದ್ದ ವಸ್ತುವೊಂದು ಸಿಕ್ಕಿತು. ಅದನ್ನು ಅವರು ನ್ಯೂಕ್ಲೀನ್ ಎಂದು ಕರೆದರು. ಡಿಎನ್ಎ ಕಥೆ ಶುರುವಾದದ್ದೇ ಅಲ್ಲಿ. ಆದರೆ ಡಿಎನ್ಎ ಜೊತೆಗಿದ್ದ ಪ್ರೋಟೀನುಗಳ ಬಹುಪಾಲು ಪೆಪ್ಸಿನ್ ಪಾಲಾಗಿತ್ತು.

ಮುಂದಿನ ಎಲ್ಲ ವಿಧಾನಗಳಿಗೂ ಈ ತೊಡಕು ಅಂಟಿಕೊಂಡೇ ಬಂತು: ಕೋಶಕೇಂದ್ರ ಚೊಕ್ಕವಾದಷ್ಟೂ ಅದರೊಳಗಿನದೇನೋ ಕೈತಪ್ಪುತ್ತದೆ. 1943ರಲ್ಲಿ ಅಲೆಕ್ಸಾಂಡರ್ ಡೌನ್ಸ್ ಇಲಿಯ ಯಕೃತ್ತಿಗೆ ಸಿಟ್ರಿಕ್ ಆಮ್ಲ ಬಳಸಿದರು. ಡಿಎನ್ಎ ಕತ್ತರಿಸುವ ಕಿಣ್ವಗಳಿಗೆ ಅದು ತಡೆಯೊಡ್ಡಿತು. ಆದರೆ ಆಮ್ಲ ಹೆಚ್ಚಾದರೆ ಪ್ರೋಟೀನುಗಳು ಜಾರಿಹೋಗುತ್ತಿದ್ದವು. ಗಾಜಿನ ಕೊಳವೆಯೊಳಗೆ ಗಾಜಿನ ದಂಡವನ್ನು ಮೇಲೆ ಕೆಳಗೆ ಆಡಿಸಿ ಅಂಗಾಂಶ ಅರೆಯುವ ಉಪಕರಣಕ್ಕೆ ಇಂದಿಗೂ ಅವರದೇ ಹೆಸರು.

ಸಕ್ಕರೆ ತಂದ ಬದಲಾವಣೆ ನನಗಂತೂ ಈ ಚರಿತ್ರೆಯಲ್ಲೇ ಅತಿ ಸೊಗಸಾದದ್ದು. 1956ರಲ್ಲಿ ಫ್ರಾನ್ಸಿನ ಶೊವೊ ಮತ್ತು ಸಂಗಡಿಗರು ಯಕೃತ್ತನ್ನು 2.2 ಮೋಲಾರ್ ಸುಕ್ರೋಸ್‌ನಲ್ಲೇ ಅರೆದರು. ಒಂದು ಲೀಟರಿಗೆ ಸುಮಾರು 750 ಗ್ರಾಂ ಸಕ್ಕರೆ! ಜಾಮೂನಿನ ಪಾಕದಷ್ಟು ಮಂದವಾದ ಆ ದ್ರಾವಣವನ್ನು ಸೆಂಟ್ರಿಫ್ಯೂಜ್‌ನಲ್ಲಿ ಜೋರಾಗಿ ತಿರುಗಿಸಿದಾಗ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ, ಪೊರೆಯ ಚೂರುಗಳು ಮೇಲೆ ತೇಲಿದವು. ಹೆಚ್ಚು ಸಾಂದ್ರವಾದ ಕೋಶಕೇಂದ್ರಗಳು ಮಾತ್ರ ತಳ ಸೇರಿದವು. ಆಮ್ಲದ ಹಂಗಿರಲಿಲ್ಲ. ಮುಂದೆ ನೊಬೆಲ್ ಪಡೆದ ಗುಂಟರ್ ಬ್ಲೋಬೆಲ್, ವ್ಯಾನ್ ಪಾಟರ್ ಜೊತೆ 1966ರಲ್ಲಿ ಇದನ್ನು ಇನ್ನಷ್ಟು ಪಳಗಿಸಿದರು. ಕೋಶಕೇಂದ್ರ ಒಡೆಯದಂತೆ, ಒಂದಕ್ಕೊಂದು ಅಂಟದಂತೆ ನೋಡಿಕೊಳ್ಳಲು ಮೆಗ್ನೀಷಿಯಂನ ಪ್ರಮಾಣ ಹದವಾಗಿರಬೇಕು.

ಕೋಶದ ಪೊರೆ ಕರಗಿಸುವ ಟ್ರೈಟಾನ್‌ನಂಥ ಡಿಟರ್ಜೆಂಟುಗಳು ಕೆಲಸವನ್ನು ಚುರುಕಾಗಿಸಿದವು, ಆದರೆ ಕೋಶಕೇಂದ್ರದ ಹೊರಪೊರೆಯನ್ನೂ ಕಿತ್ತುಕೊಂಡು ಹೋದವು.

ಗಿಡಗಳದು ಬೇರೆಯೇ ಕಷ್ಟ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ರೂಪಿಸಿದ ರಾಗಿಯನ್ನೇ ತೆಗೆದುಕೊಳ್ಳಿ. ಎಲೆಯ ಕೋಶಕ್ಕೆ ಗಟ್ಟಿ ಗೋಡೆ. ಒಳಗಿನ ಹಸಿರು ಕಣಗಳಾದ ಕ್ಲೋರೋಪ್ಲಾಸ್ಟುಗಳಲ್ಲಿ ಅವುಗಳದೇ ಡಿಎನ್ಎ. ರಾಗಿಯ 36 ವರ್ಣತಂತುಗಳ ಉದ್ದನೆಯ ಡಿಎನ್ಎ ಮಾತ್ರ ಬೇಕೆಂದರೆ ಮೊದಲು ಕೋಶಕೇಂದ್ರ ಬೇರ್ಪಡಿಸುವುದೇ ಒಳ್ಳೆಯದು. 1983ರಲ್ಲಿ ಡೇವಿಡ್ ಗಾಲ್‌ಬ್ರೈತ್ ತಂಡ ಎಲೆಯನ್ನು ತಣ್ಣನೆಯ ಬಫರ್‌ನಲ್ಲಿ ಬ್ಲೇಡಿನಿಂದ ಕೊಚ್ಚಿ ಸೋಸಿದರೆ ಸಾಕೆಂದು ತೋರಿಸಿತು. ಇಷ್ಟು ಸರಳ ಉಪಾಯ ಇಂದಿಗೂ ಸವೆದಿಲ್ಲ.

ಈಗ ಒಂದೊಂದೇ ಕೋಶಕೇಂದ್ರದ ಆರ್‌ಎನ್‌ಎ (ಕೆಲಸದಲ್ಲಿರುವ ಜೀನುಗಳ ನಕಲು) ಓದುವ ಕಾಲ. ಹೆಪ್ಪುಗಟ್ಟಿಸಿಟ್ಟ ಮೆದುಳಿನ ತುಣುಕಿನಲ್ಲಿ ಕೋಶಗಳು ಒಡೆದಿದ್ದರೂ ಕೋಶಕೇಂದ್ರಗಳು ಉಳಿದಿರುತ್ತವೆ. ಆದರೆ ಒಡೆದ ಕೋಶಗಳಿಂದ ಚೆಲ್ಲಿದ ಆರ್‌ಎನ್‌ಎ ದ್ರಾವಣದಲ್ಲೇ ಉಳಿದು ಎಲ್ಲ ಲೆಕ್ಕದೊಳಗೂ ನುಸುಳುತ್ತದೆ. ಆದ್ದರಿಂದ ಕಿಟ್ ಕೊಂಡು ಕೆಲಸ ಮಾಡುವ ನಮ್ಮ ವಿದ್ಯಾರ್ಥಿಗಳು ಸೀಕ್ವೆನ್ಸಿಂಗ್‌ಗೆ, ಅಂದರೆ ಆರ್‌ಎನ್‌ಎ ಓದಿಸಲು, ಕಳಿಸುವ ಮುನ್ನ ಒಂದು ಹನಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಯಾವ ಡಿಟರ್ಜೆಂಟು, ಎಷ್ಟು ಮೆಗ್ನೀಷಿಯಂ, ಎಷ್ಟು ನಿಮಿಷ ಎಂಬುದನ್ನು ಪ್ರಬಂಧದಲ್ಲಿ ಬರೆಯಲೂಬೇಕು.