ಕಟಕಟ ಸದ್ದು ಯಾವಾಗ ನಿಲ್ಲುತ್ತದೆ?

ಹಳೆಯ ಕಾರಿನಲ್ಲಿ ಟಿಕ್ ಟಿಕ್ ಅಂತಲೋ ಕಟಕಟ ಅಂತಲೋ ಸದ್ದು ಶುರುವಾದರೆ ಹೆಚ್ಚಿನವರು ಕೇಳುವುದು ‘ಯಾವ ಪಾರ್ಟ್ ಹೋಗಿದೆ?’ ಅಂತ. ಶಿರಸಿಯ ನಮ್ಮ ಗ್ಯಾರೇಜಿಗೆ ಬಂದವರನ್ನು ನಾನು ಕೇಳುವುದು ಬೇರೆ. ಸದ್ದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ? ಇದು ಗೊತ್ತಾಗದೆ ಸ್ಪ್ಯಾನರ್ ಹಿಡಿದರೆ ಚೆನ್ನಾಗಿದ್ದ ಪಾರ್ಟೂ ಬದಲಾಗುತ್ತದೆ, ದುಡ್ಡೂ ಹೋಗುತ್ತದೆ, ಸದ್ದು ಮಾತ್ರ ಹಾಗೇ ಉಳಿಯುತ್ತದೆ.

ಮೊದಲ ಪ್ರಶ್ನೆ, ಸದ್ದು ಎಂಜಿನ್ನಿನದೋ ಚಕ್ರದ್ದೋ? ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು ರೇಸ್ ಕೊಡಿ. ರೇಸ್ ಏರಿದ ಹಾಗೆ ಟಿಕ್ ಟಿಕ್ ಕೂಡ ಬಿರುಸಾದರೆ ಎಂಜಿನ್ ಕಡೆ ನೋಡಬೇಕು. ಓಡುವಾಗ ಮಾತ್ರ ಬರುವ ಸದ್ದಾದರೆ, ಸಮತಟ್ಟಾದ ಖಾಲಿ ರಸ್ತೆಯಲ್ಲಿ 30 ಕಿ.ಮೀ. ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರ್ ಬಿಟ್ಟು ಕ್ಲಚ್ ಒತ್ತಿ ಹಿಡಿಯಿರಿ. ಎಂಜಿನ್ ವೇಗ ತಟ್ಟನೆ ಇಳಿಯುತ್ತದೆ, ಚಕ್ರ ಉರುಳುತ್ತಲೇ ಇರುತ್ತದೆ. ಸದ್ದು ಚಕ್ರದ ಜತೆಗೇ ನಿಧಾನವಾಗುತ್ತಾ ಬಂದರೆ ಎಂಜಿನ್ನನ್ನು ಮುಟ್ಟಬೇಡಿ. ಈ ಪರೀಕ್ಷೆಯನ್ನು ದೇವಿಮನೆ ಘಾಟಿನ ಇಳಿಜಾರಿನಲ್ಲಿ ಮಾತ್ರ ಮಾಡಬೇಡಿ ದಯವಿಟ್ಟು.

ಸದ್ದನ್ನು ಎಣಿಸಿದರೂ ಸುಳಿವು ಸಿಗುತ್ತದೆ. ಮಾರುತಿ 800ರ ಚಕ್ರ ಒಂದು ಸುತ್ತಿಗೆ ಸುಮಾರು 1.6 ಮೀಟರ್ ಹೋಗುತ್ತದೆ. 20 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಮೂರೂವರೆ ಸುತ್ತು. ಸುತ್ತಿಗೊಂದೇ ಸಲ ಸದ್ದಾದರೆ ಟೈರ್ ನೋಡಿ. ಜಲ್ಲಿ ಚೂರು ಸಿಕ್ಕಿಕೊಂಡಿರಬಹುದು, ಮೊಳೆ ಹೊಕ್ಕಿರಬಹುದು. ಪಂಕ್ಚರ್ ಹಾಕಿಸಿದ ಮೇಲೆ ಶುರುವಾದ ಸದ್ದಾದರೆ ಆ ಕ್ಷಣವೇ ಗಾಡಿ ನಿಲ್ಲಿಸಿ ಚಕ್ರದ ನಟ್ಟುಗಳನ್ನು ಬಿಗಿ ಮಾಡಿ. ನಾಳೆ ನೋಡೋಣ ಅನ್ನುವ ವಿಷಯ ಅಲ್ಲ ಇದು.

ಎಂಜಿನ್ ಟಿಕ್ ಟಿಕ್ ಸಾಮಾನ್ಯವಾಗಿ ಟ್ಯಾಪೆಟ್ಟಿನದು, ಅಂದರೆ ಎಂಜಿನ್ನಿನ ವಾಲ್ವನ್ನು ಒತ್ತಿ ತೆರೆಯುವ ಭಾಗದ್ದು. ಮೊದಲು ಡಿಪ್‌ಸ್ಟಿಕ್ ಎಳೆದು ಆಯಿಲ್ ಎಷ್ಟಿದೆ ನೋಡಿ. ಆಯಿಲ್ ಸರಿಯಿದ್ದರೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ಟ್ಯಾಪೆಟ್ ಸೆಟ್ ಮಾಡಿಸಬೇಕು. ಮಳೆಗಾಲದ ಬೆಳಿಗ್ಗೆ ಮಾತ್ರ ಚಟಚಟ ಅಂದು ಎಂಜಿನ್ ಜಗ್ಗಿದರೆ ಪ್ಲಗ್ಗಿನ ವೈರ್ ಮೇಲೆ ಸಂಶಯ ಪಡಿ. ಕತ್ತಲಲ್ಲಿ ಬಾನೆಟ್ ಎತ್ತಿ ನೋಡಿದರೆ ಕರೆಂಟ್ ಹಾರುವ ಕಿಡಿ ಕಾಣುತ್ತದೆ. ವೈರನ್ನು ಕೈಯಲ್ಲಿ ಮುಟ್ಟಬೇಡಿ.

ನಮ್ಮ ಕಡೆ ಜಾಸ್ತಿ ಕಾಣುವುದು ಆಕ್ಸಲ್ಲಿನ ತೊಂದರೆ. ಮುಂದಿನ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿಗಳಲ್ಲಿ, ಅಂದರೆ 800, ಆಲ್ಟೊ, ಝೆನ್, ಸ್ಯಾಂಟ್ರೊ ಥರದವುಗಳಲ್ಲಿ, ಆಕ್ಸಲ್ಲಿನ ಹೊರತುದಿಗೆ, ಚಕ್ರ ಓರೆಯಾದರೂ ಬಲ ದಾಟಿಸುವ ಸಿವಿ ಜಾಯಿಂಟ್ ಇರುತ್ತದೆ. ಒಳಗೆ ಉಕ್ಕಿನ ಗುಂಡುಗಳು ಸಣ್ಣ ಕಾಲುವೆಯಂಥ ತೋಡುಗಳಲ್ಲಿ ಓಡುತ್ತವೆ. ಸ್ಟೇರಿಂಗ್ ತಿರುಗಿಸಿದಷ್ಟೂ ಅವು ಹೆಚ್ಚು ಹಿಂದೆಮುಂದೆ ಸರಿಯಬೇಕು. ತೋಡು ಸವೆದಿದ್ದರೆ ಪ್ರತಿ ತಿರುವಿನಲ್ಲೂ ಗುಂಡು ಬಡಿಯುತ್ತದೆ. ಅದೇ ಕಟಕಟ. ಘಾಟಿ ಹತ್ತುವಾಗ ತಿರುವೂ ಇರುತ್ತದೆ, ಆಕ್ಸಿಲರೇಟರೂ ಒತ್ತಿರುತ್ತೇವೆ. ಹಾಗಾಗಿ ಸದ್ದು ಅಲ್ಲೇ ಮೊದಲು ಕೇಳುತ್ತದೆ.

ಜಾಯಿಂಟ್ ತಾನಾಗಿ ಸುಮ್ನೆ ಹಾಳಾಗುವುದು ಕಡಿಮೆ. ಅದರ ಮೇಲಿನ ರಬ್ಬರ್ ಬೂಟ್ ಮೊದಲು ಹರಿಯುತ್ತದೆ. ಚಕ್ರ ತಿರುಗುವ ರಭಸಕ್ಕೆ ಗ್ರೀಸ್ ಹೊರಗೆ ಎರಚುತ್ತದೆ. ಆಮೇಲೆ ಕೆಂಪು ಮಣ್ಣಿನ ನೀರು ಒಳಗೆ ಹೋಗಿ ತೋಡನ್ನು ಉಜ್ಜಿ ತಿನ್ನುತ್ತದೆ. ಸದ್ದು ಬರುವ ಮುಂಚೆಯೇ ಕಂಡುಹಿಡಿದರೆ ಬೂಟ್ ಮತ್ತು ಗ್ರೀಸ್ ಬದಲಾಯಿಸಿದರೆ ಸಾಕು. ಕಟಕಟ ಶುರುವಾದ ಮೇಲೆ ಹೊಸ ಬೂಟ್ ಹಾಕಿ ಪ್ರಯೋಜನ ಇಲ್ಲ, ಜಾಯಿಂಟೇ ಬದಲಾಗಬೇಕು. ಆದ್ದರಿಂದ ಮಳೆ ಹಿಡಿಯುವ ಮುಂಚೆ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಗಾಡಿ ಬಂದ್ ಮಾಡಿ, ಚಕ್ರದ ಹಿಂದೆ ಟಾರ್ಚ್ ಹಾಕಿ ನೋಡಿ. ರಿಮ್ಮಿನ ಒಳಮೈಯಲ್ಲಿ ಕಪ್ಪು ಗ್ರೀಸ್ ಎರಚಿದ್ದರೆ ಬೂಟ್ ಹರಿದಿದೆ ಅಂತಲೇ ಅರ್ಥ.

ಆದರೆ ತಿರುವಿನಲ್ಲಿ ಕೇಳಿದ್ದೆಲ್ಲ ಆಕ್ಸಲ್ ಅಲ್ಲ. ತೋಟದ ಮನೆಯವರೊಬ್ಬರು ಆಲ್ಟೊ ತಂದಿದ್ದರು. ಎರಡೂ ಆಕ್ಸಲ್ ಬದಲಾಯಿಸಬೇಕು ಅಂತ ಬೇರೆ ಕಡೆ ಹೇಳಿದ್ದರಂತೆ. ‘ತಿರುವಿನಲ್ಲೇ ಬರ್ತದೆ ಮಾರಾಯ್ರೆ’ ಅಂದರು. ಬೂಟ್ ಎರಡೂ ಗಟ್ಟಿಯಿದ್ದವು. ಬಯಲಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಫಸ್ಟ್ ಗೇರಿನಲ್ಲಿ ಎರಡೂ ಕಡೆ ಸುತ್ತು ಹೊಡೆದೆವು. ಸದ್ದೇ ಇಲ್ಲ. ಅವರ ಮನೆಯ ಮಣ್ಣು ರಸ್ತೆಗೆ ಇಳಿದ ಕೂಡಲೇ ಬಂತು, ನೇರ ಹೋಗುವಾಗಲೂ! ಬ್ರೇಕ್ ಪೆಡಲ್ ಮೇಲೆ ಹಗುರವಾಗಿ ಕಾಲಿಡಿ ಅಂದೆ. ಸದ್ದು ನಿಂತಿತು. ಕಾಲು ತೆಗೆದರೆ ಮತ್ತೆ ಶುರು. ಚಕ್ರ ಬಿಚ್ಚಿ ನೋಡಿದರೆ, ಈ ಮುಂಚೆ ಬ್ರೇಕ್ ಪ್ಯಾಡ್ ಬದಲಾಯಿಸುವಾಗ ಅದನ್ನು ಹಿಡಿದಿಡುವ ಕ್ಲಿಪ್ಪನ್ನೇ ವಾಪಸ್ ಹಾಕಿರಲಿಲ್ಲ. ಅವರ ಮನೆಯ ದಾರಿಯಲ್ಲಿ ತಿರುವೂ ಹೊಂಡವೂ ಒಟ್ಟಿಗೇ ಇವೆ, ಅದಕ್ಕೇ ತಿರುವಿನ ಸದ್ದು ಅನಿಸಿದ್ದು. ಎರಡು ಆಕ್ಸಲ್ಲಿನ ಖರ್ಚು ಒಂದು ಸಣ್ಣ ಕ್ಲಿಪ್ಪಿನಲ್ಲಿ ಮುಗಿಯಿತು. ಇಂಥದ್ದು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಗಾಡಿ ಹೊರಗೆ ತೆಗೆದು ಒಂದು ಸುತ್ತು ಓಡಿಸದೆ ಪಾರ್ಟ್ ಹೆಸರು ಹೇಳಬಾರದು.

ಓಮ್ನಿಯವರಿಗೆ ಒಂದು ಮಾತು. ನಿಮ್ಮದು ಹಿಂದಿನ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿ. ಫಸ್ಟ್ ಗೇರಿನಲ್ಲಿ ಹೊರಡುವಾಗ ಅಥವಾ ರಿವರ್ಸ್ ಹಾಕಿದಾಗ ಟಕ್ ಅಂತ ಸದ್ದಾದರೆ, ಆ ಬಲವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಅದರ ತುದಿಯ ಜಾಯಿಂಟ್) ಪರೀಕ್ಷೆ ಮಾಡಿಸಿ.

ಕಾರವಾರ, ಅಂಕೋಲಾ ಕಡೆಯ ಗಾಡಿಗಳದ್ದು ಇನ್ನೊಂದು ಕತೆ. ಕೀ ತಿರುಗಿಸಿದರೆ ಟಕ ಟಕ ಟಕ ಅನ್ನುತ್ತದೆ, ಸೆಲ್ಫ್ ಹೊಡೆಯುವುದಿಲ್ಲ. ಕೂಡಲೇ ಹೊಸ ಬ್ಯಾಟರಿ ತರಬೇಡಿ. ಉಪ್ಪುಗಾಳಿಗೆ ಟರ್ಮಿನಲ್ಲೂ ಗಾಡಿಯ ಮೈಗೆ ಕೂಡುವ ಅರ್ತಿಂಗ್ ವೈರೂ ಕಿಲುಬು ಹಿಡಿದಿರುತ್ತವೆ. ಬಿಚ್ಚಿ, ಉಜ್ಜಿ, ಬಿಗಿದು ನೋಡಿ. ಗಾಡಿ ಒಂದು ರಾತ್ರಿ ನಿಂತ ಮೇಲೆ ಮೀಟರಿನಲ್ಲಿ ಸುಮಾರು 12.6 ವೋಲ್ಟ್ ತೋರಿಸಿದರೆ ಬ್ಯಾಟರಿಯಲ್ಲಿ ಚಾರ್ಜ್ ಇದೆ.

ಗ್ಯಾರೇಜಿಗೆ ಬರುವ ಮುಂಚೆ, ಪಕ್ಕದಲ್ಲಿ ಕೂತವರಿಗೆ ಮೊಬೈಲ್ ಕೊಟ್ಟು ಸದ್ದು ರೆಕಾರ್ಡ್ ಮಾಡಿಸಿ. ವೇಗ, ಗೇರು, ಯಾವ ಕಡೆ ತಿರುಗುತ್ತಿದ್ದಿರಿ, ಅಷ್ಟು ಹೇಳಿದರೆ ಬಹಳ ಸಹಾಯ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಮಾತ್ರ ಬರುವ ಸದ್ದಾದರೆ, ಹಿಂದಿನ ಸಂಜೆಯೇ ಗಾಡಿ ಬಿಟ್ಟುಹೋಗಿ. ಮೊದಲ ಸ್ಟಾರ್ಟ್ ನಾವೇ ಮಾಡಿ ಕೇಳುತ್ತೇವೆ.