ಬಿಸಿಲು ತಾಳಬೇಕು, ಬೆಂಕಿಯನ್ನೂ ತಡೆಯಬೇಕು: ಪ್ಲಾಸ್ಟಿಕ್ಕಿನ ಎರಡು ಕಾವಲು

ತಾರಸಿಯಲ್ಲಿ ಬಟ್ಟೆಗೆ ಸಿಕ್ಕಿಸುವ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ನೋಡಿ. ಒಂದೆರಡು ಬೇಸಿಗೆ ಕಳೆದರೆ ಬಣ್ಣ ಮಾಸಿ, ಮೈಮೇಲೆ ಬಿಳಿ ಪುಡಿಯೆದ್ದು, ಬೆರಳೊತ್ತಿದ ಕೂಡಲೇ ಚಟ್ಟನೆ ಮುರಿಯುತ್ತವೆ. ಬೆಂಗಳೂರಿನ ಹವೆ ತಂಪು, ಇಲ್ಲೇನೂ ಆಗದು ಎಂದುಕೊಳ್ಳಬೇಡಿ. ಈ ಹಾಳಿಗೆ ಮುಖ್ಯ ಕಾರಣ ಸೆಕೆಯಲ್ಲ, ನೇರಳಾತೀತ ಕಿರಣ. ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮ ಊರಿನಲ್ಲಿ ಅದು ಕಡಿಮೆಯೇನಿಲ್ಲ.

ಇಂಥ ಕ್ಲಿಪ್ಪುಗಳಿಗೆ ಬಳಸುವ ಪ್ಲಾಸ್ಟಿಕ್ಕು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್. ಕಿರಣ ತಾಗಿದಾಗ ಪಾಲಿಪ್ರೊಪಿಲೀನ್‌ನಲ್ಲಿ ಫ್ರೀ ರ‍್ಯಾಡಿಕಲ್‌ಗಳು ಹುಟ್ಟುತ್ತವೆ, ಅಂದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತು ತಟ್ಟನೆ ಪ್ರತಿಕ್ರಿಯಿಸುವ ಅಣುಚೂರುಗಳು. ಅವು ಆಮ್ಲಜನಕದೊಡನೆ ಸೇರಿ ಇನ್ನಷ್ಟು ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತಾ ಹೋಗುತ್ತವೆ; ಉದ್ದನೆಯ ಅಣುಸರಪಳಿ ತುಂಡು ತುಂಡಾಗುತ್ತದೆ. ಇದನ್ನು ತಡೆಯಲು ಪ್ಲಾಸ್ಟಿಕ್ಕಿಗೆ ಬೆರೆಸುವ ಬೆಂಜೊಟ್ರೈಯಜೋಲ್ ಬಗೆಯ ರಾಸಾಯನಿಕಗಳು ಕಿರಣವನ್ನು ಹೀರಿ ಶಾಖವಾಗಿ ಬಿಟ್ಟುಬಿಡುತ್ತವೆ. ಆದರೆ ತೆಳು ಹಾಳೆಯಲ್ಲಿ ಹೀರಲು ದಪ್ಪವೇ ಸಾಲದು. ಅಲ್ಲಿ ನೆರವಿಗೆ ಬರುವುದು ಹಾಲ್ಸ್ (HALS) ಎಂಬ, ಸಾರಜನಕವಿರುವ ಅಮೈನ್ ರಾಸಾಯನಿಕಗಳ ಗುಂಪು. ಇದು ಕಿರಣವನ್ನು ಹೀರುವುದಿಲ್ಲ, ರ‍್ಯಾಡಿಕಲ್‌ಗಳನ್ನು ಹಿಡಿಯುತ್ತದೆ. ಹಿಡಿದ ಮೇಲೆ ತಾನೇ ಮರುಹುಟ್ಟು ಪಡೆದು ಮತ್ತೆ ಕೆಲಸಕ್ಕಿಳಿಯುತ್ತದೆ. ಆದ್ದರಿಂದಲೇ ಶೇಕಡಾ ಒಂದಕ್ಕಿಂತ ಕಡಿಮೆ ಬೆರೆಸಿದರೂ ಸಾಕಾಗುತ್ತದೆ. ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗವಿದು.

ಬೆಂಕಿಯ ಕಡೆಗೆ ಬರೋಣ. ಬೆಂಕಿ ತಡೆಯಲು ಪ್ಲಾಸ್ಟಿಕ್ಕಿಗೆ ಬೆರೆಸುವ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದಾಗ ತನ್ನ ತೂಕದ ಮೂರನೇ ಒಂದು ಭಾಗದಷ್ಟು ನೀರನ್ನು ಆವಿಯಾಗಿ ಬಿಟ್ಟು ಬೆಂಕಿಯನ್ನು ತಣಿಸುತ್ತದೆ. ಆದರೆ ಪಾಲಿಪ್ರೊಪಿಲೀನನ್ನು ಕರಗಿಸುವ ಯಂತ್ರದ ಬಿಸಿಯೇ ಅಷ್ಟಿರುತ್ತದೆ. ಅಲ್ಲಿಯೇ ನೀರು ಹೋದರೆ ವಸ್ತುವಿನ ತುಂಬ ಗುಳ್ಳೆಗಳು. ಹಾಗಾಗಿ 300 ಡಿಗ್ರಿಯವರೆಗೂ ತಾಳುವ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಬೇಕು. ಅದನ್ನೂ ತೂಕದ ಅರ್ಧಕ್ಕಿಂತ ಹೆಚ್ಚು ತುಂಬಬೇಕಾಗುವುದರಿಂದ ಪ್ಲಾಸ್ಟಿಕ್ ಬಿರುಸಾಗುತ್ತದೆ. ಬ್ರೋಮಿನ್ ಸಂಯುಕ್ತ ಮತ್ತು ಆಂಟಿಮನಿ ಟ್ರೈಆಕ್ಸೈಡ್ ಜೋಡಿಯಾದರೆ ಕಡಿಮೆ ಪ್ರಮಾಣ ಸಾಕು. ಅದು ಜ್ವಾಲೆಯೊಳಗಿನ ರ‍್ಯಾಡಿಕಲ್‌ಗಳನ್ನೇ ನಂದಿಸುತ್ತದೆ.

ಕ್ರೀಡಾಂಗಣದ ಕುರ್ಚಿಗೆ ಎರಡೂ ರಕ್ಷಣೆ ಬೇಕು. ಹಾಲ್ಸ್ ಮತ್ತು ಬ್ರೋಮಿನ್ ಸಂಯುಕ್ತವನ್ನು ಒಟ್ಟಿಗೆ ಹಾಕಿದರೆ ಆಯಿತಲ್ಲ ಎಂದು ನಾನೂ ಅಂದುಕೊಂಡಿದ್ದೆ. ಅದು ತಪ್ಪು. ಬಿಸಿಲಿನಲ್ಲಿ ಬ್ರೋಮಿನ್ ಸಂಯುಕ್ತದಿಂದ ನಿಧಾನವಾಗಿ ಹೈಡ್ರೊಬ್ರೋಮಿಕ್ ಆಮ್ಲ ಹೊರಡುತ್ತದೆ. ಹಾಲ್ಸ್ ಪ್ರತ್ಯಾಮ್ಲ ಸ್ವಭಾವದ್ದು. ಆಮ್ಲದೊಡನೆ ಲವಣವಾಗಿ ಕಾವಲು ಬಿಡುತ್ತದೆ. ಕುರ್ಚಿ ಮತ್ತೆ ನಮ್ಮ ಕ್ಲಿಪ್ಪಿನ ಪಾಡೇ ಪಡುತ್ತದೆ.

ಪ್ರತ್ಯಾಮ್ಲ ಗುಣ ತಗ್ಗಿಸಿದ, ಸಾರಜನಕಕ್ಕೆ ಆಮ್ಲಜನಕದ ಮೂಲಕ ಇಂಗಾಲದ ಗುಂಪು ಕಟ್ಟಿದ ಹಾಲ್ಸ್‌ಗಳು ಇಂತಲ್ಲಿ ಬಾಳುತ್ತವೆ. ತೆಳು ಪಾಲಿಪ್ರೊಪಿಲೀನ್ ಹಾಳೆಗಳಲ್ಲಿ ಅವು ಬೆಂಕಿಯನ್ನು ತಡೆಯಲೂ ನೆರವಾಗುತ್ತವೆ. ಹೊಸ ತುಂಡನ್ನಷ್ಟೇ ಬೆಂಕಿಗೆ ಹಿಡಿದು ನೋಡಿದರೆ ಈ ಜಗಳ ಗೊತ್ತಾಗುವುದಿಲ್ಲ. ಮೊದಲು ಕೃತಕ ಬಿಸಿಲಿನಲ್ಲಿ ನೂರಾರು ಗಂಟೆ ಇಟ್ಟು, ಆಮೇಲೆ ಅದೇ ತುಂಡಿಗೆ ಬೆಂಕಿಯ ಪರೀಕ್ಷೆ ಮಾಡಬೇಕು.