ಕರಟದೊಳಗಿನ ಹೆಬ್ಬಾವು

ಹಾಸನದ ನನ್ನ ಕ್ಲಿನಿಕ್ಕಿಗೆ ಬರುವುದು ಹೆಚ್ಚಾಗಿ ನಾಯಿ, ಬೆಕ್ಕು. ಜೊತೆಗೆ ಕೆಚ್ಚಲು ಬಾವು ಬಂದ ಹಸು ನೋಡಲು ಸುತ್ತಲಿನ ಹಳ್ಳಿಗಳಿಂದ ಫೋನು. ಹಾವು ತರುವವರು ವರ್ಷಕ್ಕೆ ಬೆರಳೆಣಿಕೆಯಷ್ಟು. ಆದರೆ ಬಂದವರೆಲ್ಲ ಹೇಳುವ ಮಾತು ಒಂದೇ: "ಸಾರ್, ನಾಲ್ಕಡಿ ಟ್ಯಾಂಕ್ ಮಾಡ್ಸಿದೀನಿ. ಆದ್ರೂ ತಿಂತಿಲ್ಲ." ಆ 'ಆದ್ರೂ' ಇದೆಯಲ್ಲ, ಅದು ಕಿವಿಗೆ ಬಿದ್ದರೆ ನನಗೆ ರೇಗುತ್ತದೆ.

ಮುಂದೆ ಹೋಗುವ ಮೊದಲು ಒಂದು ವಿಷಯ. ನಾನು ಹೇಳುತ್ತಿರುವುದು ಬಾಲ್ ಪೈಥಾನ್ ಬಗ್ಗೆ. ಘಾನಾ, ಟೋಗೊ, ಬೆನಿನ್ ಕಡೆಯ ಸಣ್ಣ ಹೆಬ್ಬಾವು. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ, ಅದಕ್ಕೇ ಆ ಹೆಸರು. ನಮ್ಮ ತೋಟದ ಹೆಬ್ಬಾವು ಬೇರೆ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಷೆಡ್ಯೂಲಿನಲ್ಲಿದೆ. ಮರಿ ಸಿಕ್ಕಿತು ಅಂತ ಮನೆಯಲ್ಲಿ ಇಟ್ಟುಕೊಂಡರೆ ಜೈಲಿಗೆ ಹೋಗುವ ಕೇಸು. ಬಾಲ್ ಪೈಥಾನಿಗೂ ಕಾಗದಪತ್ರ ಬೇಕು. 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಅನ್ನುವ ಪೋರ್ಟಲಿನಲ್ಲಿ ನೋಂದಣಿ ಆಗಲೇಬೇಕು. ಮಾರುವವನು "ಅದೆಲ್ಲಾ ಏನೂ ಬೇಡ" ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ.

ಸಿಕ್ಕಿದ ಮರಿ ಅಂದಾಗ ನೆನಪಾಯಿತು. ಸಕಲೇಶಪುರ ಕಡೆಯ ತೋಟದವರೊಬ್ಬರು ಒಮ್ಮೆ ಬಕೆಟ್ಟಿನಲ್ಲಿ 'ಹೆಬ್ಬಾವಿನ ಮರಿ' ತಂದಿದ್ದರು. ಮುಚ್ಚಳ ಚೂರು ಸರಿಸಿದೆ. ಬೆನ್ನ ಮೇಲೆ ಸರಪಳಿಯ ಹಾಗೆ ಸಾಲು ಮಚ್ಚೆ, ಕುಕ್ಕರ್ ಕೂಗುವ ಮುಂಚಿನ ಹಾಗೆ ಬುಸ್ ಅನ್ನುವ ಸದ್ದು. ಕೊಳಕುಮಂಡಲ! ಅಷ್ಟು ದೂರ ಬೈಕಿನಲ್ಲಿ, ತೊಡೆ ಮೇಲೆ ಇಟ್ಟುಕೊಂಡು ಬಂದಿದ್ದರಂತೆ. ಅರಣ್ಯ ಇಲಾಖೆಯವರು ಬಂದು ತೆಗೆದುಕೊಂಡು ಹೋದ ಮೇಲೂ ನನಗೆ ಟೀ ಲೋಟ ಹಿಡಿಯಲು ಕೈ ನಡುಗುತ್ತಿತ್ತು.

ಇರಲಿ, ನಾಲ್ಕಡಿ ಟ್ಯಾಂಕಿಗೆ ಬರೋಣ. ಆಲೂರು ಕಡೆಯ ಕಾಲೇಜು ಹುಡುಗ. ಮರಿ ಐದು ವಾರದಿಂದ ತಿಂದಿಲ್ಲ ಅಂತ ತಂದಿದ್ದ. ಎಂಬತ್ತು ಗ್ರಾಂ ತೂಕ, ಸುತ್ತಿಕೊಂಡರೆ ನನ್ನ ಮುಷ್ಟಿಯಷ್ಟು. ಬಾಯಿ ಶುಚಿ, ಉಸಿರು ಸರಾಗ, ನಾಲಿಗೆ ಚುರುಕು. ಕಾಯಿಲೆ ಏನೂ ಕಾಣಲಿಲ್ಲ. ಮನೆ ಹೇಗಿದೆ ತೋರಿಸಪ್ಪ ಅಂದೆ. ಮೊಬೈಲಿನಲ್ಲಿದ್ದ ಫೋಟೋ ತೋರಿಸಿದ. ಫಳಫಳ ಗಾಜು, ನೀಲಿ ಲೈಟು, ಎರಡು ಪ್ಲಾಸ್ಟಿಕ್ ಗಿಡ, ನಡುವೆ ಬಟಾಬಯಲು. ಹಾವು ಎಲ್ಲಿ? ನೀರಿನ ಬಟ್ಟಲ ಹಿಂದೆ, ಮೂಲೆಗೆ ಒತ್ತಿಕೊಂಡು ಮುದುಡಿತ್ತು. "ಒಂದು ಶೂ ಬಾಕ್ಸ್ ಕೂಡ ಇಟ್ಟಿದ್ದೆ ಸಾರ್, ಅದರೊಳಗೆ ಹೋಗಲ್ಲ."

ಹೋಗುವುದಿಲ್ಲ. ಮುಷ್ಟಿಯಷ್ಟು ಜೀವಕ್ಕೆ ಶೂ ಬಾಕ್ಸ್ ಅಂದರೆ ಕಲ್ಯಾಣ ಮಂಟಪ. ಈ ಹಾವು ತನ್ನ ಊರಿನಲ್ಲಿ ಹಗಲೆಲ್ಲ ಇಲಿ ಬಿಲದಲ್ಲೋ ಹುತ್ತದಲ್ಲೋ ಮಲಗಿರುತ್ತದೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿತು ಅಂತ ನಾವು ಬೇರೆಯವರನ್ನು ಚುಚ್ಚಲು ಹೇಳುತ್ತೇವೆ. ಇದರ ಮಟ್ಟಿಗೆ ಅದು ನಿಜವಾದ ವಿಳಾಸ. ಅಲ್ಲಿ ಕತ್ತಲು, ಸುತ್ತಲೂ ಮೈಗೆ ತಾಗುವ ಮಣ್ಣು. ಬೆನ್ನಿಗೆ ಏನಾದರೂ ತಾಗುತ್ತಿದ್ದರೆ ಆ ಕಡೆಯಿಂದ ಯಾರೂ ಹಿಡಿಯಲಾರರು ಅನ್ನುವುದು ಅದರ ಲೆಕ್ಕ. ಬಯಲಿನಲ್ಲಿ ಬಿದ್ದ ಮರಿಗೆ ಹದ್ದಿನ ಭಯವೇ ಹೊರತು ಹಸಿವಿನ ಯೋಚನೆ ಬರುವುದಿಲ್ಲ.

ಆದ್ದರಿಂದ ಅಡಗುವ ಗೂಡು ಇಕ್ಕಟ್ಟಾಗಿರಬೇಕು. ಮತ್ತೆ ಹೇಳುತ್ತೇನೆ, ಇಕ್ಕಟ್ಟು. ಸುತ್ತಿಕೊಂಡು ಕೂತರೆ ಬೆನ್ನೂ ಪಕ್ಕೆಯೂ ಗೋಡೆಗೆ ತಾಗಬೇಕು. ಇಷ್ಟು ಚಿಕ್ಕ ಮರಿಗೆ ಅರಸೀಕೆರೆಯ ದಪ್ಪ ತೆಂಗಿನಕಾಯಿಯ ಕರಟ ಹೇಳಿ ಮಾಡಿಸಿದ ಹಾಗಿದೆ. ಕಾಯಿ ಪೂರ್ತಿ ಕೆರೆದು, ಕುದಿಸಿ, ಒಣಗಿಸಿ, ಅಂಚಿನಲ್ಲಿ ಬಾಗಿಲಿನಷ್ಟು ಒಡೆದು, ಸ್ಯಾಂಡ್ ಪೇಪರಿನಲ್ಲಿ ಚೆನ್ನಾಗಿ ಉಜ್ಜಿ ಬೋರಲು ಹಾಕಿ. ಮರಿ ಬೆಳೆದ ಹಾಗೆ ಗೂಡೂ ದೊಡ್ಡದಾಗಲಿ.

ಮತ್ತೆ, ಒಂದಲ್ಲ, ಎರಡು ಬೇಕು. ಇಲ್ಲೇ ಎಲ್ಲರೂ ಎಡವುವುದು. ಟ್ಯಾಂಕಿನ ಒಂದು ಕಡೆ 31–32 ಡಿಗ್ರಿ ಬಿಸಿ, ಇನ್ನೊಂದು ಕಡೆ 25–27 ಇರಬೇಕು. ಹಾವು ತನ್ನ ಮೈ ತಾನೇ ಬಿಸಿ ಮಾಡಿಕೊಳ್ಳಲಾರದು, ಬೇಕಾದ ಕಡೆ ಸರಿಯುತ್ತದೆ ಅಷ್ಟೆ. ಗೂಡು ಒಂದೇ ಇದ್ದು ಅದು ತಂಪು ಕಡೆ ಇದ್ದರೆ? ಬಿಸಿ ಬೇಕೆಂದರೆ ಬಯಲಿಗೆ ಬರಬೇಕು. ಅದು ಬರುವುದಿಲ್ಲ, ಅಡಗಿಕೊಂಡೇ ತಣ್ಣಗಾಗುತ್ತದೆ. ತಿಂದದ್ದು ಅರಗುವುದಿಲ್ಲ, ಕಕ್ಕುತ್ತದೆ. ಬಿಸಿ ಕಡೆ ಒಂದು ಕರಟ, ತಂಪು ಕಡೆ ಇನ್ನೊಂದು, ಎರಡೂ ಒಂದೇ ಥರ.

ಹಾಗಂತ ದೊಡ್ಡ ಟ್ಯಾಂಕ್ ತಪ್ಪಲ್ಲ. ಬೆಳೆದ ಮೇಲೆ ನಾಲ್ಕಡಿ ಹೇಗೂ ಬೇಕು. ಮಾಡಿಸಿದ್ದರೆ ಮಾರಬೇಡಿ, ತುಂಬಿಸಿ. ತೊಗಟೆ, ಕೊರಡು, ತೆಂಗಿನ ನಾರಿನ ಪುಡಿ ಹಾಕಿ. ಕಾಫಿ ತೋಟದಿಂದ ಎಲೆ, ಕೊರಡು ತರುವವರು ಔಷಧಿ ಹೊಡೆದ ಗಿಡದ್ದು ತರಬೇಡಿ.

ಬಿಸಿಗೆ ಹೀಟ್ ಮ್ಯಾಟ್, ಅಂದರೆ ಕರೆಂಟಿನಿಂದ ಬಿಸಿಯಾಗುವ ಹಾಸು, ಹಾಕಿದರೆ ಬಿಸಿ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಇಲ್ಲದೆ ಹಾಕಬೇಡಿ. "ಕೈ ಇಟ್ಟು ನೋಡಿದೆ, ಬೆಚ್ಚಗಿದೆ" ಅನ್ನುವವರ ಹಾವಿನ ಹೊಟ್ಟೆ ಸುಟ್ಟದ್ದನ್ನು ನಾನು ಡ್ರೆಸ್ಸಿಂಗ್ ಮಾಡಿದ್ದೇನೆ. ಸುಡುತ್ತಿದ್ದರೂ ಅದು ಅಲ್ಲೇ ಮಲಗಿರಬಹುದು. ಡಿಸೆಂಬರಿನ ರಾತ್ರಿ ಕರೆಂಟು ಹೋದರೆ ಟ್ಯಾಂಕಿನ ಮೇಲೆ ಕಂಬಳಿ ಹೊದಿಸಿ, ಗಾಳಿಗೆ ಒಂದಿಷ್ಟು ಜಾಗ ಬಿಡಿ. ಮುಚ್ಚಳಕ್ಕೆ ಚಿಲಕ ಇರಲಿ ಅಂತ ಬೇರೆ ಹೇಳಬೇಕಾ?

ಒಂದು ಎಚ್ಚರಿಕೆ. ತಿನ್ನದ ಹಾವೆಲ್ಲ ಹೆದರಿದ ಹಾವೇ ಅಲ್ಲ. ಉಸಿರಿನಲ್ಲಿ ಸಿಳ್ಳೆ, ಬಾಯಲ್ಲಿ ಲೋಳೆ, ಇಳಿಯುತ್ತಿರುವ ತೂಕ, ಇವು ಕಂಡರೆ ಕರಟ ಒಡೆಯುತ್ತ ಕೂರದೆ ಡಾಕ್ಟರ ಹತ್ತಿರ ತನ್ನಿ.

ಆ ಹುಡುಗನ ಅಜ್ಜಿ, ಹಾವನ್ನು ಮನೆಗೆ ತಂದ ದಿನದಿಂದ ಅವನ ಹತ್ತಿರ ಮಾತು ಬಿಟ್ಟಿದ್ದವರು, ಕೊನೆಗೆ ಕರಟ ಕೆರೆದುಕೊಟ್ಟರಂತೆ. ಹಾವನ್ನು ಮುಟ್ಟದೆ, ತೆರೆದು ನೋಡದೆ ಒಂದು ವಾರ ಸುಮ್ನೆ ಬಿಡು ಅಂದಿದ್ದೆ. ಹನ್ನೊಂದನೇ ದಿನ ಫೋನ್ ಬಂತು: ತಿಂದಿದೆ. ಖುಷಿಯಲ್ಲೇ ಒಂದು ತಕರಾರು. "ಆದ್ರೆ ಹಾವೇ ಕಾಣಲ್ಲ ಸಾರ್. ಫ್ರೆಂಡ್ಸ್ ಬಂದ್ರೆ ಏನು ತೋರ್ಸ್ಲಿ?"

ಕರಟ ತೋರಿಸು ಅಂದೆ.